ನಾನು ಕುದುರೆಯಿಂದ ಇಳಿಸಿದ ರಾಜಕುಮಾರಿ

ಕಸ್ತೂರಿ, ನಿನ್ನ ಕಥೆಯನ್ನು ಬದಲಿಸಿದವನು ನಾನು. ಇಡೀ ವರ್ಗದ ಮುಂದೆ ನೀನು ನಿಜ ಹೇಳಿದೆ, ನಾನು ಸುಳ್ಳು ಹೇಳಿದೆ. ಇಷ್ಟು ಬರೆಯಲು ಇಷ್ಟೊಂದು ವರ್ಷ ಬೇಕಾಯಿತು — ಬೇಕಾಯಿತು ಅನ್ನುವುದೂ ತಪ್ಪೇ. ಬರೆಯದೆ ಆರಾಮಾಗಿಯೇ ಇದ್ದೆ.

ಎಪ್ಪತ್ತರ ದಶಕದ ಬಬಲೇಶ್ವರ. ಇಬ್ಬರೂ ಮ್ಯಾಟ್ರಿಕ್ ವರ್ಗದಲ್ಲಿದ್ದೆವು. ನೀನು ತಿಕೋಟಾದವಳು, ಅಜ್ಜಿಗೆ ಜೊತೆಯಾಗಲೆಂದು ನಮ್ಮೂರಿಗೆ ಬಂದವಳು. ಕನ್ನಡ ಮಾಸ್ತರರು ಒಂದು ಕೈಬರಹದ ಪತ್ರಿಕೆ ತರುತ್ತಿದ್ದರು. ಅದಕ್ಕೆ ಕಥೆ ಕವಿತೆ ಕೊಡುವವರು ಹಲವರು, ಎಲ್ಲವನ್ನೂ ಶಾಯಿಯಲ್ಲಿ ನಕಲು ತೆಗೆಯುವವನು ನಾನೊಬ್ಬನೇ. ಎಡಗೈಯವನಾದರೂ ನನ್ನ ಅಕ್ಷರ ದುಂಡಗೆ — ಆ ಜಂಬ ಬೇಕಾದಷ್ಟಿತ್ತು. ಆದರೆ ಆ ಪತ್ರಿಕೆಯ ಮೇಲೆ ನಿನ್ನ ಮುಂದಿನ ಓದೇ ನಿಂತಿತ್ತು. "ಸ್ವಂತ ಕಥಿ ಬರದು ತೋರ್ಸು. ಛಲೋ ಆತಂದ್ರ ನಾನ ತಿಕೋಟಾಕ್ಕ ಹೋಗಿ ನಿಮ್ಮಪ್ಪಗ ಹೇಳ್ತೀನಿ, ವಿಜಾಪುರದಾಗ ಕಾಲೇಜಿಗೆ ಹಾಕ್ರಿ ಅಂತ" ಎಂದಿದ್ದರು ಮಾಸ್ತರರು. ನಿಮ್ಮಪ್ಪ ಅವರೊಬ್ಬರ ಮಾತನ್ನು ಮಾತ್ರ ತೆಗೆದುಹಾಕುತ್ತಿರಲಿಲ್ಲ.

ನೀನು ಆರು ಹಾಳೆ ಕೊಟ್ಟೆ. ಮಧ್ಯಾಹ್ನ ಮಾಳಿಗೆಯ ಮೇಲೆ, ಬೇವಿನ ನೆರಳಿನಲ್ಲಿ ಕೂತು ನಾನು ನಕಲು ತೆಗೆಯತೊಡಗಿದೆ. ಸುತ್ತ ಬಿಳಿಜೋಳದ ಹೊಲಗಳು ಬಿಸಿಲಿಗೆ ತೂಕಡಿಸುತ್ತಿದ್ದವು. ಅಜ್ಜಿಯರು ಹೇಳುವ ಅದೇ ಹಳೆಯ ಕಥೆ, ಆದರೆ ಎಲ್ಲ ತಿರುವುಮುರುವು. ಏಳು ಗುಡ್ಡದಾಚೆ ಒಂದು ಗುಮ್ಮಟ. ಅದರೊಳಗೆ ಶಾಪ ತಟ್ಟಿ ಮಲಗಿದವನು ರಾಜಕುಮಾರ. ಅವನ ಉಸಿರು ಗೋಡೆಗೆ ತಾಗಿ ಏಳು ಸಲ ಮರಳಿ ಅವನಿಗೇ ಕೇಳುತ್ತದೆ, ಅದನ್ನೇ ಜೋಗುಳ ಅಂದುಕೊಂಡು ಅವನು ಇನ್ನೂ ಮಲಗುತ್ತಾನೆ. ಸೆರಗು ಸೊಂಟಕ್ಕೆ ಬಿಗಿದು, ಕಪ್ಪು ಕುದುರೆ ಏರಿ, ಡೋಣಿ ಹೊಳೆ ದಾಟಿ ಬರುವವಳು ರಾಜಕುಮಾರಿ. ಅವಳಿಗೆ ಹಸಿವಾದರೆ ಜೋಳದ ತೆನೆಗಳು ತಾವೇ ಬಾಗಿ ಕೈಗೆ ಬರುತ್ತಿದ್ದವು. ಬರೆಯುತ್ತ ಬರೆಯುತ್ತ ನಾನು ಯಾವ ಊರಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು. ಅಷ್ಟು ಚೆಂದದ ಮಧ್ಯಾಹ್ನ ಮತ್ತೆ ನನ್ನ ಪಾಲಿಗೆ ಬಂದಿಲ್ಲ.

ನಾಲ್ಕನೆಯ ಹಾಳೆಯಲ್ಲಿ ಗುಮ್ಮಟದ ಬಾಗಿಲು ತೆರೆಯಿತು. ಮಲಗಿದವನ ಎಡಗೈ ಬೆರಳಿಗೆ ಶಾಯಿ ಹತ್ತಿತ್ತು. ಹೊರಗೆ ಕುದುರೆ ಕೆನೆದರೆ ನಿದ್ದೆಯಲ್ಲೇ ಬೆಚ್ಚುತ್ತಿದ್ದ. ಸಂತೆಯಲ್ಲಿ ಟಾಂಗಾದ ಕುದುರೆಗೆ ಹೆದರಿ ನಾನು ಬೆಲ್ಲದಂಗಡಿಯೊಳಗೆ ನುಗ್ಗಿದ್ದು ಇಡೀ ಶಾಲೆಗೆ ಗೊತ್ತಿತ್ತಲ್ಲ! ಆ ರಾಜಕುಮಾರ ನಾನು. ಒಂದು ಕ್ಷಣ — ಸುಳ್ಳೇಕೆ ಹೇಳಲಿ — ತುಂಬ ಖುಷಿಯಾಯಿತು. ನನ್ನನ್ನು ಇಷ್ಟು ಗಮನವಿಟ್ಟು ನೋಡಿದವಳು ಒಬ್ಬಳಿದ್ದಾಳೆ ಅಂತ... ಆದರೆ ಮರುಕ್ಷಣವೇ ಗೆಳೆಯರ ನಗು ಕಿವಿಗೆ ಬಿದ್ದ ಹಾಗಾಯಿತು. ಹುಡುಗಿ ಬಂದು ಎಬ್ಬಿಸಬೇಕಾದ ಗಂಡಸು! ವರ್ಷಪೂರ್ತಿ ಬಿಡುತ್ತಿರಲಿಲ್ಲ ಅವರು.

ಹೊಸ ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆದೆ. ಅವಳನ್ನು ಕುದುರೆಯಿಂದ ಇಳಿಸಿ ಗುಮ್ಮಟದಲ್ಲಿ ಮಲಗಿಸಿದೆ, ಅವನನ್ನು ಕುದುರೆ ಹತ್ತಿಸಿದೆ. ಕೆಳಗೆ ನಿನ್ನ ಹೆಸರು ಬರೆದೆ.

ಮಾಸ್ತರರು ವರ್ಗದಲ್ಲಿ ಅದನ್ನು ಓದಿ ಪತ್ರಿಕೆ ಮುಚ್ಚಿದರು. "ಇದು ಎಲ್ಲಾರಿಗೂ ಗೊತ್ತಿರೂ ಕಥಿ. ಯಾವ ಪುಸ್ತಕ ನೋಡಿ ಬರದೀ, ಕಸ್ತೂರಿ?"

ನೀನು ಎದ್ದು ನಿಂತೆ. "ನಾ ಬರದದ್ದು ಇದಲ್ರಿ ಸರ್. ನನ್ನ ಕಥ್ಯಾಗ ಕುದರಿ ಮ್ಯಾಲ ಬರಾಕಿ ಹುಡುಗಿರಿ. ಮಲಗಿದಾವ ಅವ."

ವರ್ಗ ಗೊಳ್ಳೆಂದು ನಕ್ಕಿತು. ಮಾಸ್ತರರು ನನ್ನ ಕಡೆ ತಿರುಗಿದರು. "ಏನಲೇ, ಅಕಿ ಕೊಟ್ಟದ್ದು ಇದನ ಏನು?"

"ಹೌದ್ರಿ ಸರ್. ಇದ್ದದ್ದು ಇದ್ದಂಗ ಬರದೇನ್ರಿ. ಹಾಳಿ ಅಕೀಗೇ ತಿರುಗಿ ಕೊಟ್ಟೇನ್ರಿ."

ಹಾಳೆಗಳು ನಮ್ಮ ಮನೆಯಲ್ಲಿ ಜೋಳದ ಚೀಲದ ಕೆಳಗಿದ್ದವು. ನೀನು ನನ್ನನ್ನೇ ನೋಡಿದೆ. ಸಿಟ್ಟಿನಿಂದಲ್ಲ, ಯಾರಿವನು ಅನ್ನುವ ಹಾಗೆ. ಬೈದಿದ್ದರೆ ನಾನು — ಇಲ್ಲ, ಬೈದಿದ್ದರೂ ಒಪ್ಪಿಕೊಳ್ಳುತ್ತಿರಲಿಲ್ಲ. ಮಾಸ್ತರರು ತಿಕೋಟಾಕ್ಕೆ ಹೋಗಲಿಲ್ಲ. ಕದ್ದು ಬರೆದು ಮೇಲೆ ಸುಳ್ಳನ್ನೂ ಹೇಳುವ ಹುಡುಗಿಗಾಗಿ ಅವರೇಕೆ ಹೋದಾರು? ನಿನ್ನ ಓದು ಅಲ್ಲಿಗೇ ನಿಂತಿತು. ವಿಜಾಪುರದ ಕಾಲೇಜಿಗೆ ನಾನು ಹೋದೆ.

ಕೆಲವು ವರ್ಷಗಳ ಮೇಲೆ ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ನೀನು ಎದುರಾದೆ. ಕಂಕುಳಲ್ಲಿ ಮಗು. "ಆರಾಮ ಅದೀರಿ? ಅಕ್ಷರ ಇನ್ನೂ ಹಂಗ ಚಂದ ಅದಾವೇನ್ರಿ?" ಎಂದು ನಗುತ್ತಲೇ ಕೇಳಿದೆ. 'ನೀ' ಅನ್ನುತ್ತಿದ್ದವಳು ಪರಕೀಯನನ್ನು ಮಾತಾಡಿಸಿದಂತೆ ಮಾತಾಡಿಸಿದೆ. "ಅದಾವ" ಎಂದೆ. ಅಷ್ಟೇ ಹೇಳಿ ನಾನು ಮುಂದೆ ನಡೆದೆ.

ಹದಿನಾರರ ಹುಡುಗ ಹೆದರಿದ ಅನ್ನಬಹುದು. ಮೂವತ್ತರವನು, ಐವತ್ತರವನು ಯಾಕೆ ಬಾಯಿ ಮುಚ್ಚಿಕೊಂಡಿದ್ದ? ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಸುಳ್ಳು ಹೇಳಿದ್ದು ನಾಲ್ಕು ಜನರೆದುರು. ಹಾಗಾಗಿ ನೀನು ಈಗಿರುವ ತಿಕೋಟಾಕ್ಕೆ ನಾನೇ ಬಂದು, ನಿನ್ನ ಮಕ್ಕಳು ಮೊಮ್ಮಕ್ಕಳು ಕೇಳುವಂತೆ ಗಟ್ಟಿಯಾಗಿ ಓದುತ್ತೇನೆ. ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಓದುತ್ತೇನೆ.

ಇನ್ನೊಂದು ಉಳಿದಿದೆ, ಅದೇ ದೊಡ್ಡದು. ವರ್ಗದಲ್ಲಿ ಸುಳ್ಳು ಹೇಳಿದ ಆ ಸಂಜೆ ನಿನ್ನ ಆರೂ ಹಾಳೆಗಳನ್ನು ನೀರೊಲೆಗೆ ಹಾಕಿದೆ. ಕೊನೆಯ ಎರಡನ್ನು ನಾನು ನೋಡಿಯೇ ಇರಲಿಲ್ಲ. ನಿನ್ನ ರಾಜಕುಮಾರಿ ಗುಮ್ಮಟದೊಳಗೆ ಬಂದಳು, ಅವನ ಪಕ್ಕ ಕೂತಳು — ಆಮೇಲೆ ಅವನನ್ನು ಹೇಗೆ ಎಬ್ಬಿಸಿದಳು, ಅವನು ಎದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ ಕಸ್ತೂರಿ. ಓದದೆಯೇ ಸುಟ್ಟೆ.