ಬರೀ ಹನ್ನೆರಡು ಮೈಲಿ

“ದಡದಿಂದ ಬರೀ ಹನ್ನೆರಡು ನಾಟಿಕಲ್ ಮೈಲಿ ದೂರದಲ್ಲಿ ಸಮುದ್ರಕ್ಕೆ ಬಿದ್ದಿದ್ದಾನೆ, ಹುಡುಕುತ್ತಿದ್ದೇವೆ” ಎಂದು ಹಡಗು ಕಂಪನಿಯವನು ಮುಂಬೈಯಿಂದ ಹಿಂದಿಯಲ್ಲಿ ಹೇಳಿ ಫೋನಿಟ್ಟ. ಬಿದ್ದವನು ಮಹಾದೇವ, ಯಡೂರಿನ ನಮ್ಮ ನೆರೆಮನೆಯ ಅಣ್ಣಪ್ಪ ಕಾಕಾನ ಮಗ, ಹಡಗಿನ ಖಲಾಸಿ. ಅದನ್ನು ಕಾಕಾನಿಗೆ ಕನ್ನಡದಲ್ಲಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಕಾಕಾನ ಕಿವಿಗೆ ಬಿದ್ದದ್ದು ‘ಬರೀ’ ಒಂದೇ. “ತುಂಬಿದ ಕೃಷ್ಣಾ ಹೊಳಿ ಈಸಿ ದಾಟಾಂವ ಅಂವ. ಬರ್ತಾನ ಬಿಡವ್ವಾ” ಎಂದು ಎದ್ದು ಕೂತರು.

ಅಷ್ಟರಲ್ಲಿ ಯಾರೋ ಕಿಲೋಮೀಟರಿನಲ್ಲಿ ಎಷ್ಟಾಗುತ್ತದೆ ಎಂದು ಕೇಳಿದರು. ಒಂದು ನಾಟಿಕಲ್ ಮೈಲಿ ಎಂದರೆ ಹೆಚ್ಚೂಕಡಿಮೆ 1.85 ಕಿಲೋಮೀಟರ್. ಮೊಬೈಲಿನಲ್ಲಿ ಗುಣಿಸಿ, ಇಪ್ಪತ್ತೆರಡು ಎಂದೆ.

ಕಾಕಾ ರಸ್ತೆಯ ಕಡೆಗೇ ನೋಡುತ್ತ ಕೂತರು. ಆಮೇಲೆ ಕೇಳಿದರು: “ಅಂದ್ರ, ಇಲ್ಲಿಂದ ಚಿಕ್ಕೋಡಿ ತನಕಾ ಬರೇ ನೀರ ಏನವ್ವಾ?”



ಮಹಾದೇವ ಸಿಗಲಿಲ್ಲ. ಕಂಪನಿಯವರು ಈಗ ನಮ್ಮ ಫೋನ್ ಎತ್ತುವುದೂ ಇಲ್ಲ. ಕೆಲಸಕ್ಕೆಂದು ನಾನು ದಿನಾ ಚಿಕ್ಕೋಡಿ ಬಸ್ಸು ಹತ್ತುತ್ತೇನೆ. ಕಿಟಕಿಯಾಚೆ ಕಬ್ಬಿನ ಗದ್ದೆ ಮುಗಿಯುವುದೇ ಇಲ್ಲ. ಆ ‘ಬರೀ’ ಎಂದವನನ್ನು ಒಂದು ಸಲ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ಚಿಕ್ಕೋಡಿ ಬರುವವರೆಗೂ ಆ ಕಿಟಕಿಯಾಚೆ ನೋಡಿಸಬೇಕು ಅನಿಸುತ್ತದೆ.