ತೊಲೆ ಇರುವ ಕೋಣೆ

ಮೊನ್ನೆ ಮಗಳು ಮೊಬೈಲಿನಲ್ಲಿ ಒಂದು ಹೋಟೆಲಿನ ಚಿತ್ರ ತೋರಿಸಿದಳು. ಅವಳೂ ಅಳಿಯನೂ ನಾಲ್ಕು ದಿನದ ಮಟ್ಟಿಗೆ ಯುರೋಪಿಗೆ ಹೊರಟಿದ್ದಾರೆ. ದೊಡ್ಡ ಹೋಟೆಲು ಬೇಡವಂತೆ, ಹಳೆಯ ಮನೆಯನ್ನೇ ಹೋಟೆಲು ಮಾಡಿದಂಥದು ಬೇಕಂತೆ. ಚಿತ್ರದ ಕೋಣೆಯಲ್ಲಿ ಚಾವಣಿಯ ಕೆಳಗೆ ಅಡ್ಡಲಾಗಿ ಕಪ್ಪು ಮರದ ತೊಲೆ. "ಸೀರಿ ಒಣಹಾಕಲಿಕ್ಕೆ ಅನುಕೂಲ ಅದ" ಎಂದುಬಿಟ್ಟೆ. ಮಗಳು ನನ್ನ ಮುಖ ನೋಡಿ ನಕ್ಕಳು. ಅದು ನನ್ನ ಮಾತಲ್ಲ, ಬೈಲಹೊಂಗಲದ ನಮ್ಮ ಎದುರು ಮನೆಯಲ್ಲಿದ್ದ, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಹಿರಿಯ ಹೆಂಗಸಿನ ಮಾತು...

ಎಪ್ಪತ್ತರ ದಶಕ, ನಾನು ಕಾಲೇಜಿಗೆ ಹೋಗುತ್ತಿದ್ದೆ. ಕಾಕುವಿನ ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ, ಓದಿಸಿ, ಜರ್ಮನಿಯ ಕಾರ್ಖಾನೆಗೆ ಕಳಿಸಿದ್ದರು. ಅವರದು ವಿಪರೀತ ಮಡಿ. ಬೆಳಿಗ್ಗೆ ಸ್ನಾನ ಮಾಡಿ, ಒಗೆದ ಸೀರೆಯನ್ನು ಉದ್ದನೆಯ ಕೋಲಿನಿಂದ ಎತ್ತಿ, ಯಾರ ಕೈಗೂ ಸಿಗದ ಹಾಗೆ ಸೂರಿನ ಗಳಕ್ಕೆ ಹಾಕುತ್ತಿದ್ದರು. ಮರುದಿನ ಅದನ್ನುಟ್ಟೇ ಪೂಜೆ, ಅಡುಗೆ.

ಒಮ್ಮೆ ತಮ್ಮ ಬರೆದ: ಬರುವ ಬೇಸಿಗೆಯಲ್ಲಿ ಬಂದು ಅಕ್ಕನನ್ನು ಕರೆದೊಯ್ದು ಅಲ್ಲಿಯ ಊರುಗಳನ್ನು ತೋರಿಸುತ್ತೇನೆ, ಇಳಿದುಕೊಳ್ಳುವ ಹೋಟೆಲನ್ನು ಅವಳೇ ಆರಿಸಲಿ. ಜೊತೆಗೆ ಬಣ್ಣದ ಪುಸ್ತಿಕೆಗಳು. ಇಂಗ್ಲಿಷ್ ಓದಿ ಹೇಳುವ ಕೆಲಸ ನನ್ನದು.

ಆ ಮಧ್ಯಾಹ್ನಗಳ ಗತ್ತು ಏನು ಹೇಳಲಿ! ಗಾಜಿನ ದೊಡ್ಡ ಹೋಟೆಲನ್ನು ಕಾಕು ಒಂದೇ ಮಾತಿಗೆ ತಳ್ಳಿಹಾಕಿದರು. "ಇದು ದವಾಖಾನಿ ಇದ್ಧಂಗ ಅದ." ಇನ್ನೊಂದರ ಚಾವಣಿ ಬೋಳು, ಅದೂ ಬೇಡ. ಕೊನೆಗೆ ಕಾಲುವೆಯ ದಂಡೆಯ ಒಂದು ಹಳೆಯ ಮನೆ ಸಿಕ್ಕಿತು. ಕಿಟಕಿಯಲ್ಲಿ ಹೂಕುಂಡ, ಒಳಗೆ ತೊಲೆ. ಕಾಕು ಆ ತೊಲೆಯ ಮೇಲೆ ಬೆರಳಾಡಿಸಿದರು.

"ಇಲ್ಲೇ ಇಳಿಯೋಣು. ಸೀರಿ ಒಣಹಾಕಲಿಕ್ಕೆ ಅನುಕೂಲ ಅದ. ಕೋಲೊಂದು ಒಯ್ದರಾತು."

ಕೋಲು ಟ್ರಂಕಿನಲ್ಲಿ ಹಿಡಿಸಲಿಲ್ಲ. ಬಡಿಗನನ್ನು ಕರೆಸಿ ಅರ್ಧಕ್ಕೆ ಕೊಯ್ಯಿಸಿಬಿಟ್ಟರು. "ಅವಸರ ಮಾಡಬ್ಯಾಡ್ರಿ ವೈನಿ" ಎಂದರು ನನ್ನ ತಾಯಿ.

"ನನ್ನ ತಮ್ಮ ಮಾತು ತಪ್ಪಾಂವ ಅಲ್ಲವಾ" ಎಂದರು ಕಾಕು.

ಬೇಸಿಗೆಗೆ ತಮ್ಮ ಬಂದ. ಆದರೆ ಇಳಿದದ್ದು ಬೆಳಗಾವಿಯ ಹೋಟೆಲಿನಲ್ಲಿ. ಜೊತೆಗಿದ್ದ ಜರ್ಮನಿಯ ಹೆಂಡತಿಗೆ ಅಕ್ಕನ ಮನೆಯ ಹಿತ್ತಲಿನ ಪಾಯಖಾನೆ ಒಗ್ಗುವುದಿಲ್ಲವಂತೆ. ಒಂದು ಮಧ್ಯಾಹ್ನ ಒಬ್ಬನೇ ಟ್ಯಾಕ್ಸಿಯಲ್ಲಿ ಬಂದು, ಉಂಡು ಕೈ ತೊಳೆದು, "ಈ ವರ್ಷ ಆಗೂದಿಲ್ಲಕ್ಕಾ, ಮುಂದಿನ ವರ್ಷ ನೋಡೋಣು" ಎಂದ. ಅಲ್ಲೇ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಕಾಕು ಅಳಲಿಲ್ಲ, ಜಗಳಾಡಲೂ ಇಲ್ಲ. ಅವನು ಹೊರಟಾಗ ಟ್ಯಾಕ್ಸಿಯ ಬಾಗಿಲು ಹಿಡಿದು ಕೇಳಿದರು:

"ಬೆಳಗಾವ್ಯಾಗ ನೀ ಇಳದ ಖೋಲಿ ಛಲೋ ಅದ ಏನೋ?"

"ಛಲೋ ಅದ ಅಕ್ಕಾ."

"ಹಂಗಾದ್ರ ಆತು."

ಕೊಯ್ದ ಕೋಲು ಮನೆಯ ಗಳಕ್ಕೆ ಮುಟ್ಟುತ್ತಿರಲಿಲ್ಲ. ಕಾಕು ದಿನಾ ಸ್ಟೂಲು ಹತ್ತಿ ಸೀರೆ ಹಾಕತೊಡಗಿದರು. ಹೊಸ ಕೋಲು ಮಾಡಿಸಿಕೊಳ್ಳಿ ಎಂದರೆ, "ಮುಂದಿನ ವರ್ಷ ಮತ್ತ ಕೊಯ್ಯಿಸೂದು ಬರ್ತದವಾ" ಎನ್ನುತ್ತಿದ್ದರು. ಮುಂದಿನ ವರ್ಷ ಬಂತು, ಹೋಯಿತು. ಆ ಮಾತೂ ನಿಂತಿತು, ತಮ್ಮನ ಪತ್ರವೂ ನಿಂತಿತು, ಕೋಲು ಮಾತ್ರ ಅದೇ. ಆಮೇಲೆ ಮೊಣಕಾಲು ಸೋತು ಸ್ಟೂಲು ಹತ್ತಲಾಗದೆ, ಸೀರೆಯನ್ನು ಅಂಗಳದ ತಂತಿಗೆ ಹಾಕಿದರು, ಯಾರು ಬೇಕಾದರೂ ಮುಟ್ಟುವಷ್ಟು ಕೆಳಗೆ... ಅಂದಿನಿಂದ ಅವರು ದೇವರ ಕೋಣೆಯ ಹೊಸ್ತಿಲು ದಾಟಲಿಲ್ಲ. ಹೊರಗೇ ಕೂತು, ಒಳಗೆ ದೀಪ ಹಚ್ಚಲು ನನ್ನ ತಾಯಿಯನ್ನು ಕರೆಯುತ್ತಿದ್ದರು. ಹಾಗೇ ಒಂದು ದಿನ ಹೋಗಿಬಿಟ್ಟರು. ತಮ್ಮನಿಗೆ ಟೆಲಿಗ್ರಾಂ ಕಳಿಸಿದೆವು, ಅವನು ಬರಲಿಲ್ಲ. ಇಷ್ಟು ವರ್ಷವಾದರೂ ಆ ಸಂಕಟ ನನ್ನನ್ನು ಬಿಟ್ಟಿಲ್ಲ.

ಮಗಳು ಆ ತೊಲೆಯ ಕೋಣೆಯನ್ನೇ ಗೊತ್ತುಮಾಡಿದಳು. ನಾನು ಇನ್ನೂ ಚಿತ್ರ ನೋಡುತ್ತಿದ್ದುದನ್ನು ಕಂಡು ಹೆಗಲ ಮೇಲೆ ಕೈಯಿಟ್ಟಳು.

"ಮುಂದಿನ ವರ್ಷ ನಿನ್ನೂ ಕರಕೊಂಡು ಹೋಗತೇನಮ್ಮಾ."

"ಆತು" ಎಂದೆ.