ಅಂಚೆಯಮ್ಮನ ಇಳಿಜಾರಿಗೆ ಒಂದು ‘ಬೇಡ’

ಬೆಳಿಗ್ಗೆ ಐದು ಗಂಟೆ ಐವತ್ತೆರಡು ನಿಮಿಷಕ್ಕೆ ಮರಿಟ್ ಸಾಂಡ್ವಿಕ್ ಮಂಡಿಯೂರಿ ಹಿಮದೊಳಗೆ ಅಳತೆಕೋಲು ಇಳಿಸುತ್ತಿದ್ದಳು. ಊರಿದ್ದು ಎಡ ಮಂಡಿ ಮಾತ್ರ. ಬಲಗಡೆಯದು ಎಂಟು ವರ್ಷದಿಂದ ಪೂರ್ತಿ ಮಡಚುತ್ತಿರಲಿಲ್ಲ, ಆ ಕಾಲನ್ನು ಪಕ್ಕಕ್ಕೆ ಚಾಚಿಕೊಂಡಿದ್ದಳು. ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಕೋಲಿನ ಗೆರೆ ಓದಿದಳು. ಇಪ್ಪತ್ತನಾಲ್ಕು. ಬರೆದುಕೊಂಡು, ಹಲಗೆಯ ಮೇಲಿನ ಹಿಮ ಒರೆಸಿ, ಅದನ್ನು ಮತ್ತೆ ಸಮನಾಗಿ ಇಟ್ಟು ಪಕ್ಕದ ಹಲಗೆಗೆ ಸರಿದಳು. ಮೂವತ್ತೇಳು.

ಇದ್ದದ್ದು ಎರಡೇ ಹಲಗೆ. ಸಣ್ಣದನ್ನು ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಒರೆಸುವುದು. ದೊಡ್ಡದನ್ನು ಬಿರುಗಾಳಿ ಶುರುವಾಗುವಾಗ ಒಮ್ಮೆ ಒರೆಸಿಟ್ಟರೆ ಅದು ಮುಗಿಯುವವರೆಗೆ ಮುಟ್ಟುವಂತಿಲ್ಲ. ನಿನ್ನೆ ಸಂಜೆ ದೊಡ್ಡದರ ಮೇಲೆ ಮೂವತ್ತಮೂರು ಸೆಂಟಿಮೀಟರ್ ಇತ್ತು. ರಾತ್ರಿ ಸಣ್ಣದರ ಮೇಲೆ ಬಿದ್ದದ್ದು ಇಪ್ಪತ್ತನಾಲ್ಕು. ಎರಡೂ ಕೂಡಿದರೆ ಐವತ್ತೇಳು. ಕೋಲು ತೋರಿಸುತ್ತಿದ್ದದ್ದು ಮೂವತ್ತೇಳು.

ಹಿಮ ಬಿದ್ದಷ್ಟೇ ಎತ್ತರಕ್ಕೆ ನಿಲ್ಲುವುದಿಲ್ಲ, ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ನಾಲ್ಕು, ಆರು, ಹೆಚ್ಚೆಂದರೆ ಹತ್ತು. ಒಂದು ರಾತ್ರಿಯಲ್ಲಿ ಇಪ್ಪತ್ತು? ಮರಿಟ್ ಉಷ್ಣಮಾಪಕ ನೋಡಿದಳು. ಮೈನಸ್ ಹದಿನಾಲ್ಕರಿಂದ ಮೈನಸ್ ಐದಕ್ಕೆ ಏರಿತ್ತು. ಬೆಚ್ಚಗಾದಾಗ ಕುಸಿತ ಹೆಚ್ಚು. ಇರಬಹುದು ಅಂದುಕೊಂಡಳು. ಕೋಲನ್ನು ಇನ್ನೂ ಮೂರು ಕಡೆ ಇಳಿಸಿದಳು. ಮೂವತ್ತೇಳು, ಮೂವತ್ತಾರು, ಮೂವತ್ತೇಳು. ಬರೆದಳು. ಎದ್ದು ಹತ್ತು ಹೆಜ್ಜೆ ಹೋದವಳು ತಿರುಗಿ ಬಂದು ಮತ್ತೊಮ್ಮೆ ಇಳಿಸಿದಳು. ಮೂವತ್ತೇಳೇ.

ಲಾಡ್ಜಿನ ಒಳಗೆ ಆಗಲೇ ಗಲಾಟೆ. ಅತಿಥಿಗಳನ್ನು ಬೆಟ್ಟದ ನೆತ್ತಿಗೆ ಒಯ್ದು ಸ್ಕೀಯಲ್ಲಿ ಜಾರಿ ಇಳಿಯಲು ಬಿಡುವ ಹೆಲಿಕಾಪ್ಟರ್ ನಾಲ್ಕು ದಿನದಿಂದ ಮೇಲೆದ್ದಿರಲಿಲ್ಲ. ಹನ್ನೊಂದು ಜನ ಅತಿಥಿಗಳು ನಾಲ್ಕು ದಿನ ಟೇಬಲ್ ಟೆನಿಸ್ ಆಡಿ, ಹಬೆಯ ಕೋಣೆಯಲ್ಲಿ ಬೆಂದು, ಇಸ್ಪೀಟಿನಲ್ಲಿ ಒಬ್ಬರನ್ನೊಬ್ಬರು ಹಳಿದು, ಕಿಟಕಿಯಿಂದ ಕಿಟಕಿಗೆ ನಡೆದು ಸವೆದಿದ್ದರು. ಈ ದಿನ ಆಕಾಶ ತಿಳಿಯಾಗಿತ್ತು. ನಾಳೆ ಬೆಳಿಗ್ಗೆ ಎಲ್ಲರೂ ಊರಿಗೆ. ಹಾಗಾಗಿ ಕಾಫಿಗೆ ಬರುವಾಗಲೇ ಸ್ಕೀ ಬೂಟು ಹಾಕಿಕೊಂಡು ಬಂದಿದ್ದರು. ಮರದ ನೆಲದ ಮೇಲೆ ಟಕಟಕ ಸದ್ದು.

ಮಿನೆಸೋಟದ ಹಲ್ಲಿನ ಡಾಕ್ಟರ್ ಟಾಲಿವರ್ ಬಾಗಿಲಲ್ಲೇ ಮರಿಟ್‌ಳನ್ನು ಹಿಡಿದಳು. ಅರವತ್ತಮೂರು ವರ್ಷದ ಹೆಂಗಸು. ಐದನೆಯ ಸಲ ಬಂದವಳು.

“ಏನಮ್ಮಾ, ಅಂಚೆಯಮ್ಮ ಇವತ್ತಾದ್ರೂ ಬಾಗಿಲು ತೆಗೀತಾಳಾ?”

“ಮೀಟಿಂಗ್ ಆಗ್ಲಿ, ಡಾಕ್ಟ್ರೇ.”

“ಐದು ವರ್ಷದಿಂದ ಇದೇ ಮಾತು. ನಾನು ಪೇಷೆಂಟಿಗೆ ನೋವಾಗಲ್ಲ ಅಂತೀನಲ್ಲ, ಹಂಗೇ ಕೇಳ್ಸುತ್ತೆ.”

ಅಂಚೆಯಮ್ಮ ಅಂದರೆ ಒಂದು ಇಳಿಜಾರು. ಕಣಿವೆಯ ಅಂಚೆ ಕಚೇರಿಯ ಹೆಂಗಸು ನಿವೃತ್ತಳಾದ ದಿನ ಅದನ್ನು ಮೊದಲು ಇಳಿದರಂತೆ, ಆ ಹೆಸರೇ ನಿಂತಿತು. ಸಾವಿರದ ಇನ್ನೂರು ಮೀಟರ್, ನೆತ್ತಿಯಿಂದ ಕೊಳದವರೆಗೆ ಒಂದೇ ಉಸಿರು. ಡಾಕ್ಟರ್ ಟಾಲಿವರ್ ಬಂದಾಗಲೆಲ್ಲ ಅಲ್ಲಿ ಮೋಡ ಇರುತ್ತಿತ್ತು, ಇಲ್ಲವೇ ಅದು ಮುಚ್ಚಿರುತ್ತಿತ್ತು.

ಆರೂವರೆಗೆ, ಅತಿಥಿಗಳನ್ನು ಬೆಟ್ಟ ಇಳಿಸಿಕೊಂಡು ಬರುವ ಗೈಡುಗಳ ಮೀಟಿಂಗು. ಅದರ ರೀತಿ ಇಷ್ಟೇ: ಇಳಿಜಾರುಗಳ ಹೆಸರನ್ನು ಒಂದೊಂದಾಗಿ ಓದುತ್ತಾರೆ, ಮೇಜಿನ ಸುತ್ತ ಇರುವ ಪ್ರತಿಯೊಬ್ಬರೂ ‘ಸರಿ’ ಅಥವಾ ‘ಬೇಡ’ ಅನ್ನಬೇಕು. ಒಬ್ಬರು ಬೇಡ ಅಂದರೂ ಆ ಇಳಿಜಾರು ಮುಚ್ಚಿತು. ಯಾಕೆ ಎಂದು ಯಾರೂ ಕೇಳುವುದಿಲ್ಲ. ಮುಚ್ಚಿದ್ದನ್ನು ಮಾರನೆಯ ದಿನದ ಮೀಟಿಂಗಿನವರೆಗೆ ಯಾರೂ ತೆರೆಯುವುದಿಲ್ಲ. ಮರಿಟ್ ಹತ್ತೊಂಬತ್ತು ಚಳಿಗಾಲ ಗೈಡಾಗಿ ಆ ಮೇಜಿಗೆ ಕೂತವಳು. ಮಂಡಿ ಹೋದ ಮೇಲೆ ಎಂಟು ಚಳಿಗಾಲ ಹಿಮ ಅಳೆಯುವವಳಾಗಿ ಕೂತಿದ್ದಾಳೆ. ಹಾರುವುದು ನಿಂತಿದ್ದರೂ ಅವಳ ‘ಬೇಡ’ಕ್ಕೆ ಬೆಲೆ ಕಡಿಮೆಯಾಗಿರಲಿಲ್ಲ. ಹೋದ ವರ್ಷ ಅದನ್ನು ಅವಳು ಎಷ್ಟು ಸಲ ಬಳಸಿದ್ದಳೆಂದರೆ, ಹಿರಿಯ ಗೈಡ್ ರೇಟೊ ಅವಳನ್ನು ‘ಬೇಡಮ್ಮ’ ಎಂದೇ ಕರೆಯುತ್ತಿದ್ದ.

“ಓದಮ್ಮ ಬೇಡಮ್ಮ,” ಅಂದ ರೇಟೊ. ಬ್ರೆಡ್ಡಿನ ಮೇಲೆ ಚೀಸ್ ಹೆರೆದುಕೊಳ್ಳುತ್ತಿದ್ದ. ಸ್ವಿಟ್ಜರ್ಲೆಂಡಿನಿಂದ ಬಂದು ಇಪ್ಪತ್ತಾರು ವರ್ಷವಾದರೂ ಚೀಸ್ ಹೆರೆಯುವ ಚಾಕು ಮಾತ್ರ ಇನ್ನೂ ಅಲ್ಲಿಂದ ತಂದದ್ದೇ.

“ರಾತ್ರಿ ಇಪ್ಪತ್ತನಾಲ್ಕು. ಬಿರುಗಾಳಿಯ ಒಟ್ಟು ಮೂವತ್ತೇಳು.”

“ಅಷ್ಟೇನಾ?” ಅಂದ ಮ್ಯಾನೇಜರ್ ವೆಂಡೆಲ್.

“ಕುಸಿದಿದೆ. ಬೆಚ್ಚಗಾಯ್ತಲ್ಲ.”

“ಕುಸಿದಿದ್ರೆ ಒಳ್ಳೇದೇ,” ಅಂದ ರೇಟೊ. “ಕುಸಿದ ಹಿಮ ಅಂಟ್ಕೊಂಡು ಕೂತಿರುತ್ತೆ.”

ಅಂಚೆಯಮ್ಮನ ವಿಷಯದಲ್ಲಿ ಅಲ್ಲಿಯವರದು ಒಂದೇ ಲೆಕ್ಕ. ಒಂದು ಬಿರುಗಾಳಿಯಲ್ಲಿ ನಲವತ್ತೈದು ಸೆಂಟಿಮೀಟರ್ ದಾಟಿದರೆ ಎರಡು ದಿನ ಅತ್ತ ಸುಳಿಯುವುದಿಲ್ಲ. ಹೊಸ ಪದರ ಹಾಗೇ ಹಾಸಿಗೆಯಂತೆ, ಮೇಲಿದ್ದವರನ್ನೂ ಎಳೆದುಕೊಂಡು ಜಾರಿಬಿಡಬಹುದು. ಮೂವತ್ತೇಳಕ್ಕೆ ತೊಂದರೆಯಿಲ್ಲ. ಹೆಸರು ಓದಿದರು. ಸರಿ, ಸರಿ, ಸರಿ. ಮರಿಟ್‌ಳ ಸರದಿ ಬಂತು. ಪೆನ್ಸಿಲಿನ ತುದಿಯಿಂದ ಮೇಜಿನ ಮೇಲೆ ಎರಡು ಸಲ ಕುಟ್ಟಿದಳು.

“ಏನು, ಇದಕ್ಕೂ ಬೇಡಾನಾ?” ಅಂದ ರೇಟೊ.

“ಸರಿ,” ಅಂದಳು ಮರಿಟ್.

ಎಂಟೂಕಾಲಿಗೆ ಹೆಲಿಕಾಪ್ಟರ್ ಎದ್ದಿತು. ಸದ್ದು ಕಣಿವೆಯ ಆಚೆ ಕರಗಿತು. ಮರಿಟ್‌ಗೆ ಇನ್ನು ಸಂಜೆ ನಾಲ್ಕರವರೆಗೆ ಹೆಚ್ಚು ಕೆಲಸವಿಲ್ಲ. ರೇಡಿಯೊ ಮುಂದೆ ಕೂತು ಯಾವ ತಂಡ ಎಲ್ಲಿ ಇಳಿಯಿತು, ಎಷ್ಟು ಹೊತ್ತಿಗೆ ಕೆಳಗೆ ಬಂತು ಎಂದು ಬರೆಯಬೇಕು. ಬರೆದಳು. ನಡುವೆ ಎದ್ದು ಚಹಾ ಕಾಯಿಸಿದಳು, ಕುಡಿಯಲಿಲ್ಲ. ಪುಸ್ತಕ ತೆರೆದು ಮೂರು ಅಂಕಿಗಳನ್ನು ಮತ್ತೆ ನೋಡಿದಳು. ಹಳೆಯ ಪುಟಗಳಲ್ಲಿ ಒಂದೇ ರಾತ್ರಿ ಇಪ್ಪತ್ತು ಸೆಂಟಿಮೀಟರ್ ಕುಸಿದ ದಿನ ಎಂದಾದರೂ ಇದೆಯಾ ಎಂದು ಹುಡುಕಿದಳು. ಎಂಟು ಚಳಿಗಾಲಗಳಲ್ಲಿ ಅತಿ ಹೆಚ್ಚು ಎಂದರೆ ಹನ್ನೊಂದು. ಅದೂ ಮಳೆ ಹನಿದ ರಾತ್ರಿ.

ಬೇಸಿಗೆಯಲ್ಲಿ ಅವಳು ಕೆಳಗಿನ ಹೊಳೆಯಲ್ಲಿ ಸರ್ಕಾರದ ಪರವಾಗಿ ಸಾಲ್ಮನ್ ಮೀನು ಎಣಿಸುತ್ತಾಳೆ. ಅಡ್ಡಗಟ್ಟೆಯ ಕಿಂಡಿಯ ಮುಂದೆ ಕೂತು, ದಾಟುವ ಒಂದೊಂದು ಮೀನಿಗೂ ಒಂದು ಗುಂಡಿ ಒತ್ತುವುದು. ಎಣಿಕೆ ತಪ್ಪಿದೆ ಅನ್ನಿಸಿದರೆ ಆ ಗಂಟೆಯ ಮುಂದೆ ಪ್ರಶ್ನೆಯ ಗುರುತು ಹಾಕಬೇಕು. ಅಲ್ಲಿ ಪ್ರಶ್ನೆಯ ಗುರುತಿಗೆ ಜಾಗವಿದೆ. ಬೆಳಿಗ್ಗೆಯ ಮೇಜಿನಲ್ಲಿ ಇರುವುದು ‘ಸರಿ’ ಮತ್ತು ‘ಬೇಡ’ ಮಾತ್ರ.

ಅವಳ ಈ ಹಿಂಜರಿಕೆಗೆ ಹಿಂದೆ ಯಾವುದೋ ಸಾವು ಇರಬೇಕೆಂದು ಅತಿಥಿಗಳು ಎಷ್ಟೋ ಸಲ ಊಹಿಸಿದ್ದಾರೆ, ಮೆಲ್ಲಗೆ ಕೇಳಿಯೂ ಇದ್ದಾರೆ. ಹಾಗೇನೂ ಇರಲಿಲ್ಲ. ಹತ್ತೊಂಬತ್ತು ಚಳಿಗಾಲದಲ್ಲಿ ಅವಳ ಕೈಕೆಳಗೆ ಯಾರಿಗೂ ಮೂಗಿನ ಮೂಳೆ ಮುರಿದದ್ದಕ್ಕಿಂತ ಹೆಚ್ಚು ಆಗಿರಲಿಲ್ಲ. ಮಂಡಿ ಹೋದದ್ದು ಲಾಡ್ಜಿನ ಮೆಟ್ಟಿಲ ಮೇಲೆ ಜಾರಿ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮೆಕ್ಯಾನಿಕ್ ಲೈಲ್ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ. ಕಾಫಿ ಬಗ್ಗಿಸಿಕೊಂಡು ಒಲೆಯ ಕಡೆ ಬೆನ್ನು ಮಾಡಿ ನಿಂತ.

“ನೋಡಿದ್ಯಾ, ನಾಲ್ಕು ದಿನ ಸುಮ್ನೆ ನಿಂತಿದ್ದ ಮೆಷಿನ್ನು. ಬೆಳಿಗ್ಗೆ ಒಂದೇ ಸಲಕ್ಕೆ ಎದ್ದೋಯ್ತು. ನನಗೆ ಒಂದು ಶಾಭಾಸ್‌ಗಿರಿ ಇಲ್ಲ ಈ ಮನೇಲಿ.”

“ಶಾಭಾಸ್,” ಅಂದಳು ಮರಿಟ್, ಪುಟದಿಂದ ಕಣ್ಣೆತ್ತದೆ.

“ನಿನ್ನೆ ಸಂಜೆ ಒಂದು ನಾಲ್ಕು ನಿಮಿಷ ಓಡಿಸಿದ್ವಲ್ಲ, ಅದಕ್ಕೇ. ಪೈಲಟ್ ಬೇಡ ಅಂತಿದ್ದ, ನಾನೇ ಹಟ ಹಿಡಿದೆ. ನೀನು ಸ್ನಾನಕ್ಕೆ ಹೋಗಿದ್ದೆ.”

ಮರಿಟ್ ಪೆನ್ಸಿಲ್ ಕೆಳಗಿಟ್ಟಳು. “ರೆಕ್ಕೆ ತಿರುಗ್ಸಿದ್ರಾ?”

“ತಿರುಗ್ಸದೆ ಏನು, ನೋಡ್ಕೊಂಡು ಕೂತಿರ್ತೀವಾ?”

“ಎಷ್ಟೊತ್ತಿಗೆ?”

“ನಾಲ್ಕೂವರೆ, ನಾಲ್ಕೂಮುಕ್ಕಾಲು.”

“ಎಲ್ಲಿ ನಿಂತಿತ್ತು?”

“ಈಚೆ ಕಟ್ಟೆ ಮೇಲೆ. ಆಚೆದು ಹಿಮದಲ್ಲಿ ಮುಚ್ಚೋಗಿದೆ, ಯಾರು ತೋಡ್ತಾರೆ. ಯಾಕೆ ಮಾರಾಯ್ತಿ, ಪೊಲೀಸಿನವರ ಥರ ಕೇಳ್ತಿದ್ದೀಯ?”

ಈಚೆ ಕಟ್ಟೆಯಿಂದ ಅಳತೆಯ ಜಾಗಕ್ಕೆ ನಲವತ್ತು ಹೆಜ್ಜೆ. ನಡುವೆ ಸೂಜಿಯೆಲೆಯ ಫರ್ ಮರಗಳ ಒಂದು ಸಾಲು. ರೆಕ್ಕೆಯ ಗಾಳಿ ಆ ಸಾಲನ್ನು ದಾಟಿ ಬಂದಿದ್ದರೆ, ದೊಡ್ಡ ಹಲಗೆಯ ಮೇಲಿದ್ದ ಮೂವತ್ತಮೂರು ಸೆಂಟಿಮೀಟರಿನ ಹಗುರ ಹಿಮದಲ್ಲಿ ಅರ್ಧ ಹಾರಿಹೋಗಿರುತ್ತದೆ. ಸಣ್ಣ ಹಲಗೆಯನ್ನು ಆಗಷ್ಟೇ ಒರೆಸಿದ್ದಳು, ಅದರಲ್ಲಿ ಹಾರಲು ಏನೂ ಇರಲಿಲ್ಲ. ಆಮೇಲೆ ರಾತ್ರಿಯ ಇಪ್ಪತ್ತನಾಲ್ಕು ಎಲ್ಲದರ ಮೇಲೆ ಬಿದ್ದು ಗುರುತನ್ನು ಮುಚ್ಚಿತು. ಆಗ ಲೆಕ್ಕ ಕೂಡುತ್ತದೆ: ಹಿಮ ಕುಸಿದಿಲ್ಲ, ಅಂಟಿಕೊಂಡಿಲ್ಲ, ಮೇಲೆ ಬೆಟ್ಟದಲ್ಲಿ ಐವತ್ತರ ಆಸುಪಾಸು ಸಡಿಲವಾಗಿ ಕೂತಿದೆ. ಆದರೆ ಮರಗಳು ದಟ್ಟವಾಗಿದ್ದವು. ಅಳತೆಯ ಜಾಗವನ್ನು ಅಲ್ಲಿ ಆರಿಸಿದ್ದೇ ಆ ಮರಗಳ ಆಸರೆಗಾಗಿ. ಗಾಳಿ ದಾಟಿರದೆಯೂ ಇರಬಹುದು.

ನಿಜ ತಿಳಿಯಬೇಕಾದರೆ ರೆಕ್ಕೆಯ ಗಾಳಿ ಮುಟ್ಟದ, ಮೇಲಿನ ಹಳೆಯ ಅಳತೆಯ ಜಾಗಕ್ಕೆ ಹೋಗಿ ಅಗೆಯಬೇಕು. ಹಿಮದ ಬೂಟಿನಲ್ಲಿ, ಅವಳ ಮಂಡಿಗೆ, ಇಪ್ಪತ್ತೈದು ನಿಮಿಷ.

ರೇಡಿಯೊ ಗೊರಗೊರ ಅಂದಿತು. ರೇಟೊನ ದನಿ. “ಬೇಸ್, ಮೊದಲನೇ ತಂಡ ಅಂಚೆಯಮ್ಮನ ನೆತ್ತಿ ಮೇಲೆ ಇಳೀತು. ಹನ್ನೊಂದು ಗಂಟೆ ಎರಡು ನಿಮಿಷ. ಇನ್ನೈದು ನಿಮಿಷದಲ್ಲಿ ಹೊರಡ್ತೀವಿ.”

ನೆತ್ತಿಯಿಂದ ಬೆಟ್ಟದ ಹೆಗಲು ದಾಟಿ ಕೆಳಗಿಳಿದರೆ ಕೊಳದವರೆಗೆ ರೇಡಿಯೊ ಸಿಗುವುದಿಲ್ಲ.

ಮರಿಟ್ ಮೈಕು ಕೈಗೆ ತೆಗೆದುಕೊಂಡಳು, ಗುಂಡಿ ಒತ್ತಲಿಲ್ಲ. ಎದ್ದು ಕಿಟಕಿಗೆ ಹೋದಳು; ಮೈಕಿನ ತಂತಿ ಬಿಗಿದು ರೇಡಿಯೊ ಮೇಜಿನ ಮೇಲೆ ಜರುಗಿತು. ಕಿಟಕಿಯಲ್ಲಿ ಫರ್ ಮರಗಳ ಸಾಲು ಕಾಣುತ್ತಿತ್ತು. ಕೊಂಬೆಗಳ ಮೇಲೆಲ್ಲ ಹಿಮ. ಅದು ನಿನ್ನೆಯದೋ ರಾತ್ರಿಯದೋ, ಇಲ್ಲಿಂದ ಹೇಗೆ ಹೇಳುವುದು. ಬೇಡ ಅಂದರೆ ಇಂದಿಗೆ ಮುಚ್ಚಿತು. ಅರ್ಧ ಗಂಟೆಯ ಮೇಲೆ ‘ನನ್ನದೇ ತಪ್ಪು, ಹೋಗಿ’ ಅನ್ನುವಂತಿಲ್ಲ. ಡಾಕ್ಟರ್ ಟಾಲಿವರ್‌ಳ ಐದನೆಯ ವರ್ಷವೂ ಹೋಯಿತು. ಮೀಟಿಂಗಿನಲ್ಲಿ ಸರಿ ಅಂದವಳು, ಹಾರಿ ಇಳಿದ ಮೇಲೆ ಬೇಡ ಅಂದರೆ ನಾಳೆಯಿಂದ ಅವಳ ಅಂಕಿಗೆ ಯಾರು ಕಿವಿ ಕೊಡುತ್ತಾರೆ.

“ಏನಾಯ್ತು?” ಅಂದ ಲೈಲ್. ಅವನ ಮುಖದ ನಗು ಅರ್ಧಕ್ಕೆ ನಿಂತಿತ್ತು.

ಗಡಿಯಾರದಲ್ಲಿ ಹನ್ನೊಂದು ಐದು. ಮರಿಟ್ ಗುಂಡಿ ಒತ್ತಿದಳು.

“ರೇಟೊ, ಬೇಸ್. ಅಂಚೆಯಮ್ಮನಿಗೆ ನನ್ನದು ಬೇಡ.”

ಯಾಕೆ ಎಂದು ರೇಟೊ ಕೇಳುವಂತಿಲ್ಲ. ಅವನು ಕೇಳದೆ ಇರಲು ಪಡುತ್ತಿದ್ದ ಕಷ್ಟ ಅಷ್ಟು ದೂರದಿಂದಲೂ ತಿಳಿಯುತ್ತಿತ್ತು. ಹಿಂದೆ ಯಾರೋ ನಗುತ್ತಿದ್ದರು, ಸ್ಕೀ ಕಟ್ಟಿಕೊಳ್ಳುವ ಕಟಕಟ ಕೇಳಿಸಿತು.

“ಬೇಸ್, ಇನ್ನೊಂದ್ಸಲ ಹೇಳು.”

“ಅಂಚೆಯಮ್ಮ ಬೇಡ.”

“ಸರಿ. ಮುಚ್ಚಿತು. ಮೆಷಿನ್ ವಾಪಸ್ ಕರೀತೀನಿ, ಮರಗಳ ನಡುವಿನ ಇಳಿಜಾರಿಗೆ ಹೋಗ್ತೀವಿ.” ಗುಂಡಿ ಬಿಡುವ ಮೊದಲು ಡಾಕ್ಟರ್ ಟಾಲಿವರ್‌ಳ ದನಿ ಕೇಳಿಸಿತು, ಸಿಟ್ಟಿಲ್ಲದ, ಸುಸ್ತಾದ ದನಿ: “ಮತ್ತೆ ಏನಂತೆ?”

ಮರಿಟ್ ರೇಡಿಯೊವನ್ನು ಲೈಲ್‌ನ ಕೈಗೊಪ್ಪಿಸಿ, ಹಿಮದ ಬೂಟು ಕಟ್ಟಿ, ಸಲಿಕೆ ತೆಗೆದುಕೊಂಡು ಹೊರಟಳು. ಇಪ್ಪತ್ತೈದು ನಿಮಿಷದ ದಾರಿಗೆ ನಲವತ್ತು ಹಿಡಿಯಿತು. ಅಗೆದು ಹಳೆಯ ಹಿಮದ ಗಟ್ಟಿ ಪದರ ಮುಟ್ಟಿ ಅಳೆದಳು. ಐವತ್ತೊಂದು. ಆದರೆ ಆ ಜಾಗ ಲಾಡ್ಜಿಗಿಂತ ತೊಂಬತ್ತು ಮೀಟರ್ ಎತ್ತರ. ಅಲ್ಲಿ ಯಾವಾಗಲೂ ನಾಲ್ಕೈದು ಹೆಚ್ಚು ಬೀಳುತ್ತದೆ. ಕಳೆದರೆ ನಲವತ್ತಾರು, ನಲವತ್ತೇಳು. ಮಿತಿ ದಾಟಿದ್ದು ಒಂದು ಬೆರಳಿನಷ್ಟು. ಕೂತು ಉಸಿರು ಬಿಟ್ಟಳು. ಸಮಾಧಾನವಾಗಲಿಲ್ಲ. ಇನ್ನೊಂದು ಕಡೆ ಅಗೆದಳು. ಐವತ್ತು.

ಸಂಜೆಯ ಮೀಟಿಂಗು ಐದೂವರೆಗೆ. ಪಕ್ಕದ ಕೋಣೆಯಲ್ಲಿ ಅತಿಥಿಗಳು ಸಾಮಾನು ಕಟ್ಟುವ ಸದ್ದು. ಮರಿಟ್ ಎಲ್ಲವನ್ನೂ ಕ್ರಮವಾಗಿ ಹೇಳಿದಳು: ಕೂಡದ ಮೂರು ಅಂಕಿ, ಕುಸಿತವೆಂದು ತಾನೇ ಕೊಟ್ಟುಕೊಂಡ ಸಮಾಧಾನ, ರೆಕ್ಕೆಯ ಗಾಳಿ, ಮೇಲಿನ ಅಳತೆ, ಅದರಿಂದ ಕಳೆಯಬೇಕಾದ ನಾಲ್ಕೈದು. ಲೈಲ್ ತಲೆ ತಗ್ಗಿಸಿ ಕೂತಿದ್ದ.

“ಮೂರು ಗಂಟೆಗೆ ಅದರ ಮುಂದೇನೇ ಹಾರಿದೆ,” ಅಂದ ರೇಟೊ. “ಒಂದು ಬಿರುಕಿಲ್ಲ. ಎಲ್ಲೂ ಜಾರಿಲ್ಲ. ಹಾಲು ಚೆಲ್ಲಿದ ಹಂಗಿತ್ತು.” ಆಮೇಲೆ ಸೇರಿಸಿದ, “ಅಂದ್ರೆ ನಾವು ಹೋಗಿದ್ರೂ ಹಂಗೇ ಇರ್ತಿತ್ತು ಅಂತಲ್ಲ.”

“ನಂಗೊತ್ತು,” ಅಂದ ವೆಂಡೆಲ್. ಅವನು ಇಡೀ ಮಧ್ಯಾಹ್ನ ಅತಿಥಿಗಳ ಮುಖ ನೋಡಿದ್ದವನು. “ಅಳತೆ ಸಿಕ್ಕಿದ್ದು ಆಮೇಲೆ. ಅದು ಬಿಡು. ಯಾಕೆ ಅಂತ ಕೇಳ್ತಿಲ್ಲ ನಾನು, ಅದು ನಮ್ಮ ಪದ್ಧತಿಯಲ್ಲ. ಹೊರಗೆ ಹೋಗಿ ಆ ಡಾಕ್ಟರಮ್ಮಂಗೆ ಏನೋ ಒಂದು ಹೇಳ್ಬೇಕಲ್ಲ, ಅದಕ್ಕೆ. ಮೈಕ್ ಒತ್ತಿದಾಗ ಅಳತೆ ತಪ್ಪಿದೆ ಅಂತ ನಿನಗೆ ಎಷ್ಟು ಖಾತ್ರಿ ಇತ್ತು? ನೂರಕ್ಕೆ ಇಷ್ಟು ಅಂತ ಹೇಳು.”

ರೇಟೊ ಮೇಜಿನ ಕೆಳಗೆ ಅವಳ ಬೂಟನ್ನು ಕಾಲಿನಿಂದ ತಟ್ಟಿದ. ತೊಂಬತ್ತು ಅನ್ನು, ಎಂಬತ್ತಾದರೂ ಅನ್ನು, ಇಲ್ಲಿ ಯಾರೂ ಅಗೆದು ನೋಡುವುದಿಲ್ಲ ಎಂಬ ಅರ್ಥ ಅದರಲ್ಲಿತ್ತು. ಮರಿಟ್ ಕಾಲು ಹಿಂದಕ್ಕೆಳೆದುಕೊಂಡಳು. ಕಿಟಕಿ, ಮರಗಳ ಸಾಲು, ಗಡಿಯಾರದ ಮುಳ್ಳು, ಎಲ್ಲವನ್ನೂ ಮತ್ತೆ ಅದೇ ಜಾಗದಲ್ಲಿ ಇಟ್ಟು ನೋಡಿದಳು.

“ಇಪ್ಪತ್ತೈದು,” ಅಂದಳು.